ತೋಟದ ನಡುವೆ ನಾಲೆ: ಸಹಿ ಹಾಕುವ ಮುನ್ನ

ಪ್ರಶ್ನೆ: ಸ್ವಾಮಿ, ನಮ್ಮದು ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕು. 3 ಎಕರೆ 10 ಗುಂಟೆಯಲ್ಲಿ 1 ಎಕರೆ 8 ಗುಂಟೆ ನಾಲೆಗೆ ಹೋಗುತ್ತದೆಂದು 2013ರ ಭೂಸ್ವಾಧೀನ ಕಾಯ್ದೆಯ ಕಲಂ 11ರ ಅಧಿಸೂಚನೆ ಬಂದಿದೆ. ನಾಲೆ ತೋಟದ ನಟ್ಟನಡುವೆ ಹಾಯುತ್ತದೆ. ಬೋರ್‌ವೆಲ್ ಆಚೆ, ಉಳಿಯುವ ಅಡಿಕೆ ಈಚೆ. ಮರಗಳಿಗೆ 14 ವರ್ಷ, ಆದರೂ ಪಹಣಿಯಲ್ಲಿ ಇವತ್ತಿಗೂ ಖುಷ್ಕಿ (ಮಳೆ ನಂಬಿದ ಹೊಲ), ರಾಗಿ ಅಂತಲೇ ಇದೆ. ಖಾತೆ ತೀರಿಕೊಂಡ ಅಪ್ಪನ ಹೆಸರಲ್ಲಿದೆ. ತೋಟದಲ್ಲಿ ಒಂದು ಕೂಲಿ ಕುಟುಂಬ ಎಂಟು ವರ್ಷದಿಂದ ಗುಡಿಸಲು ಹಾಕಿಕೊಂಡಿದೆ. ಮಧ್ಯವರ್ತಿಯೊಬ್ಬರು ‘ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ದುಡ್ಡು ಬೇಗ ಬರುತ್ತೆ’ ಅಂತಾರೆ. ನಾವು ನಾಲೆ ಬೇಡ ಅನ್ನುವವರಲ್ಲ, ನೀರಿಗಾಗಿ ಹೋರಾಟಕ್ಕೆ ಹೋದವರೇ. ಏನು ಮಾಡಲಿ?

ಉತ್ತರ: ಸಹಿ ಹಾಕಬೇಡಿ. ಒಪ್ಪಂದದ ಐತೀರ್ಪಿಗೆ, ಅಂದರೆ ನೀವು ಒಪ್ಪಿದಿರೆಂದು ಪರಿಹಾರದ ಮೊತ್ತ ನಿಗದಿ ಮಾಡುವ ಆದೇಶಕ್ಕೆ, ಒಮ್ಮೆ ಸಹಿ ಬಿತ್ತೆಂದರೆ ಹೆಚ್ಚಿನ ಪರಿಹಾರ ಕೇಳುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಮೊದಲು ನಿಮ್ಮ ಲೆಕ್ಕ ನೀವು ಹಾಕಿಕೊಳ್ಳಿ.

ಉಪ ನೋಂದಣಿ ಕಚೇರಿಯ ಮಾರ್ಗಸೂಚಿ ದರ ಒಂದು ಕಡೆ. ಅಧಿಸೂಚನೆಯ ಹಿಂದಿನ ಮೂರು ವರ್ಷದಲ್ಲಿ ನಿಮ್ಮೂರು, ಅಕ್ಕಪಕ್ಕದೂರುಗಳಲ್ಲಿ ಅದೇ ಬಗೆಯ ಜಮೀನಿಗೆ ಆದ ಕ್ರಯಪತ್ರಗಳಲ್ಲಿ, ಹೆಚ್ಚು ಬೆಲೆಯ ಅರ್ಧದಷ್ಟನ್ನು ತೆಗೆದುಕೊಂಡು ಮಾಡಿದ ಸರಾಸರಿ ಇನ್ನೊಂದು ಕಡೆ. ಯಾವುದು ಹೆಚ್ಚೋ ಅದೇ ಮಾರುಕಟ್ಟೆ ಬೆಲೆ. ನೋಂದಣಿ ಖರ್ಚು ಉಳಿಸಲು ಕ್ರಯಪತ್ರದಲ್ಲಿ ಬೆಲೆ ಇಳಿಸಿ ಬರೆಸುವ ನಮ್ಮ ರೂಢಿ ಈಗ ಇಡೀ ಊರಿಗೆ ಪೆಟ್ಟು ಕೊಡುತ್ತದೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದ್ದರಿಂದ ನಿಜವಾದ ಬೆಲೆಗೆ ನೋಂದಣಿಯಾದ ಪತ್ರಗಳನ್ನು ಹುಡುಕಿ, ದೃಢೀಕೃತ ನಕಲು ತೆಗೆಸಿ.

ಎಕರೆಗೆ 12 ಲಕ್ಷ ರೂಪಾಯಿ ನಿಂತಿತೆಂದುಕೊಳ್ಳಿ. ಗ್ರಾಮೀಣ ಜಮೀನಿಗೆ ಪಟ್ಟಣದಿಂದ ಇರುವ ದೂರ ನೋಡಿ 1ರಿಂದ 2ರವರೆಗಿನ ಗುಣಕ ಹಾಕುತ್ತಾರೆ. 1.5 ಆದರೆ ಎಕರೆಗೆ 18 ಲಕ್ಷ. ಆ ಎಕರೆಯಲ್ಲಿರುವ ಮರ, ಪೈಪ್‌ಲೈನಿನ ಬೆಲೆ 10 ಲಕ್ಷ ಸೇರಿದರೆ 28. ಅದರ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಸಾಂತ್ವನವಾಗಿ ಕೊಡುವ ಹಣ), ಅಲ್ಲಿಗೆ ಎಕರೆಗೆ 56 ಲಕ್ಷ. ಅಂದರೆ ಎಣಿಕೆಯಲ್ಲಿ ಒಂದು ಮರ ಬಿಟ್ಟುಹೋದರೆ ನೀವು ಕಳೆದುಕೊಳ್ಳುವುದು ಎರಡು ಮರದ ದುಡ್ಡು. ಜಂಟಿ ಅಳತೆಯ ದಿನ ಎಷ್ಟೇ ಕೆಲಸವಿದ್ದರೂ ತೋಟದಲ್ಲೇ ಇರಿ. ಮರಗಳಿಗೆ ಬಣ್ಣದಲ್ಲಿ ನಂಬರ್ ಹಾಕಿ, ವಿಡಿಯೊ ಮಾಡಿಸಿ, ಎಣಿಕೆ ತಪ್ಪಿದ್ದರೆ ಪಂಚನಾಮೆಯ ಮೇಲೇ ಬರೆದು ಸಹಿ ಮಾಡಿ.

ಪಹಣಿಯ ಖುಷ್ಕಿ ನಿಮ್ಮ ದೊಡ್ಡ ತೊಡಕು. ತೋಟದ ದರ ಬೇಕೆಂದರೆ ತೋಟವಿತ್ತೆಂದು ದಾಖಲೆ ಮಾತಾಡಬೇಕು. ಬೆಳೆ ಸಮೀಕ್ಷೆಯ ಫೋಟೊಗಳು, ಪಂಪ್‌ಸೆಟ್ಟಿನ ಬೆಸ್ಕಾಂ ದಾಖಲೆ, ಅಡಿಕೆ ಮಂಡಿಯ ಚೀಟಿ, ಬ್ಯಾಂಕ್ ಬೆಳೆಸಾಲದ ಕಾಗದ, ಎಲ್ಲವೂ ಸಾಕ್ಷಿಯೇ. ಕಲಂ 11ರ ಅಧಿಸೂಚನೆಯಾದ ಎರಡು ತಿಂಗಳೊಳಗೆ ಭೂದಾಖಲೆ ಸರಿಪಡಿಸುವುದು ಸರ್ಕಾರದ್ದೇ ಕೆಲಸವೆಂದು ಕಾಯ್ದೆ ಹೇಳುತ್ತದೆ. ಇದನ್ನು ರೈತರಿಗೆ ಹೇಳುವವರು ಕಡಿಮೆ. ಪೌತಿ ಖಾತೆಗೂ, ಅಂದರೆ ಅಪ್ಪನ ಖಾತೆ ವಾರಸುದಾರರ ಹೆಸರಿಗೆ ಮಾಡಿಸಲೂ, ಇದೇ ಹೊತ್ತಿಗೆ ಅರ್ಜಿ ಹಾಕಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಡಬೇಡಿ. ಪರಿಹಾರದಲ್ಲಿ ಅವರ ಪಾಲೂ ಇದೆ. ಆಮೇಲೆ ತಕರಾರು ಎದ್ದರೆ ದುಡ್ಡು ಪರಿಹಾರದ ತಕರಾರು ತೀರ್ಮಾನಿಸುವ ಪ್ರಾಧಿಕಾರದಲ್ಲಿ ಠೇವಣಿಯಾಗಿ ಕೂರುತ್ತದೆ.

ಅಧಿಸೂಚನೆ ಪ್ರಕಟವಾದ ದಿನದಿಂದ 60 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ತೋಟ ಎರಡು ಹೋಳಾಗುವುದರ ನಷ್ಟ ಬೇರೆಯಾಗಿ ಕೇಳಿ, ಕಲಂ 28 ಅದಕ್ಕೆ ಅವಕಾಶ ಕೊಡುತ್ತದೆ. ನಾಲೆಯ ಮೇಲೆ ದಾಟುದಾರಿ, ನೀರಿನ ಪೈಪು ಹಾಯಿಸುವ ಜಾಗವನ್ನೂ ನಕಾಶೆ ಸಮೇತ ಬರೆಯಿರಿ. (ಇದೇ ಅಂಕಣ ಓದುವ ಹೆದ್ದಾರಿ ಬದಿಯ ರೈತರೇ, ಹೆದ್ದಾರಿ ಕಾಯ್ದೆಯಲ್ಲಿ ನಿಮಗೆ ಸಿಗುವುದು 21 ದಿನ ಮಾತ್ರ.)

ಇನ್ನು ದುಡ್ಡು ಪಡೆಯುವ ದಿನ. ಐತೀರ್ಪು ಕಡಿಮೆ ಅನ್ನಿಸಿದರೆ ದುಡ್ಡು ಬಿಡಬೇಕಿಲ್ಲ. ‘ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದು ತೆಗೆದುಕೊಳ್ಳಿ. ಈ ಮಾತಿಲ್ಲದೆ ಸಹಿ ಮಾಡಿದವರಿಗೆ ಕಲಂ 64ರಡಿ ಪ್ರಾಧಿಕಾರಕ್ಕೆ ಹೋಗುವ ಹಕ್ಕಿಲ್ಲ. ಐತೀರ್ಪಿನ ಹೊತ್ತಿಗೆ ನೀವು ಹಾಜರಿದ್ದರೆ ಅರ್ಜಿಗೆ ಇರುವುದು ಆರು ವಾರ. ಎಷ್ಟೋ ಒಳ್ಳೆಯ ಪ್ರಕರಣಗಳು ಬಿದ್ದುಹೋಗುವುದು ಸಾಕ್ಷಿ ಇಲ್ಲದೆ ಅಲ್ಲ, ಈ ಒಂದು ಸಾಲು ಬರೆಯದೆ. ಪೂರ್ತಿ ಪರಿಹಾರ ಕೊಡದೆ ಜಮೀನು ವಶಕ್ಕೆ ಪಡೆಯುವಂತಿಲ್ಲ. ಜೆಸಿಬಿ ಮುಂಚೆಯೇ ಬಂದರೆ ಲಿಖಿತವಾಗಿ ದೂರು ಕೊಡಿ. ಈ ಕಾಯ್ದೆಯ ಪರಿಹಾರಕ್ಕೆ ಆದಾಯ ತೆರಿಗೆಯೂ ಇಲ್ಲ.

ಕೂಲಿ ಕುಟುಂಬದ ಬಗ್ಗೆ ನೀವು ಬರೆದದ್ದು ನೋಡಿ ಸಂತೋಷವಾಯಿತು. ಗುಂಟೆ ನೆಲವಿಲ್ಲದಿದ್ದರೂ, ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ಜಮೀನಿನಲ್ಲೇ ದುಡಿದು ಅದನ್ನೇ ಮುಖ್ಯವಾಗಿ ನಂಬಿದವರು ‘ಬಾಧಿತ ಕುಟುಂಬ’ವೇ. ಕೆಲಸ, ಇಲ್ಲವೇ ಒಮ್ಮೆಗೆ 5 ಲಕ್ಷ, ಇಲ್ಲವೇ 20 ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ, ಇವುಗಳಲ್ಲಿ ಒಂದನ್ನು ಅವರು ಕೇಳಬಹುದು. ಆದರೆ ಬಾಧಿತ ಕುಟುಂಬಗಳ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನೂ ಸಿಗದು. ಅವರು ಎಂಟು ವರ್ಷದಿಂದ ಅಲ್ಲಿದ್ದಾರೆಂದು ನೀವೇ ಒಂದು ಪತ್ರ ಬರೆದುಕೊಡಿ. ಆಕ್ಷೇಪಣೆ ಕೊಡಲು ವಿಶೇಷ ಭೂಸ್ವಾಧೀನಾಧಿಕಾರಿಗಳ ಕಚೇರಿಗೆ ಹೋಗುವಾಗ ಆ ಕುಟುಂಬದವರ ರೇಷನ್ ಕಾರ್ಡ್, ಮತದಾರರ ಚೀಟಿಯ ಜತೆ ಅವರನ್ನೂ ಕರೆದುಕೊಂಡು ಹೋಗಿ.