ಚಳಿಯಲ್ಲಿ ಗುಂಡು ಕೆಳಗೆ ಬೀಳೋದಕ್ಕೆ ತೇವಾಂಶ ಕಾರಣವಲ್ಲ

ಅದೇ ರೈಫಲ್, ಅದೇ ತೋಟಾ, ಆದರೂ ಚಳಿಗಾಲದಲ್ಲಿ 300 ಮೀಟರ್ ದೂರದ ಗುರಿಯಲ್ಲಿ ಗುಂಡು ಕೆಳಗೆ ಬೀಳುತ್ತೆ, ಗಾಳಿಯ ತೇವ ಕಾರಣವೇ ಅಂತ ಕೇಳಿದ್ದೀರಿ. ತೇವವನ್ನು ಮರೆತುಬಿಡಿ. ನೀರಾವಿ ಒಣಗಾಳಿಗಿಂತ ಹಗುರ. ಹಾಗಾಗಿ ತೇವ ಜಾಸ್ತಿಯಾದರೆ ಗಾಳಿಯ ತಡೆ ಒಂದಿಷ್ಟು ಕಡಿಮೆಯೇ ಆಗುತ್ತೆ, ಅದೂ ಲೆಕ್ಕಕ್ಕೆ ಬಾರದಷ್ಟು.

ನಿಜವಾದ ಕಾರಣ ತೋಟಾದೊಳಗಿನ ಸಿಡಿಮದ್ದಿನ ಬಿಸಿ. ತಣ್ಣಗಿರುವ ಮದ್ದು ನಿಧಾನವಾಗಿ ಉರಿಯುತ್ತೆ, ಒತ್ತಡ ಇಳಿಯುತ್ತೆ, ಗುಂಡು ನಳಿಗೆಯಿಂದ ಹೊರಡುವಾಗಲೇ ವೇಗ ಕಡಿಮೆ. ಕೆಲವು ಮದ್ದುಗಳಲ್ಲಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ 2 ಅಡಿಯಷ್ಟು ವ್ಯತ್ಯಾಸ ಬರುತ್ತೆ. ಬೇಸಿಗೆಗೂ ಚಳಿಗೂ 25 ಡಿಗ್ರಿ ಅಂತರ ಅಂದರೆ 50 ಅಡಿ ಹೋಯಿತಲ್ವಾ! ಬಿಸಿ-ತಂಪಿಗೆ ಅಷ್ಟಾಗಿ ಬದಲಾಗದ ಮದ್ದುಗಳೂ ಇವೆ. ಇಲ್ಲಿ ಮುಖ್ಯ ತೋಟಾದ ಬಿಸಿಯೇ ಹೊರತು ಹೊರಗಿನ ಹವೆಯಲ್ಲ. ಕಾದ ಚೇಂಬರ್‌ನಲ್ಲಿ (ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗ) ಎರಡು ನಿಮಿಷ ಕೂತ ತೋಟಾ ಬೇರೆಯೇ ವೇಗ ಕೊಡುತ್ತೆ. ದಯವಿಟ್ಟು ತೋಟಾಗಳನ್ನು ಬಿಸಿಲಲ್ಲಿ ಇಡಬೇಡಿ. ಭರ್ತಿ ಮದ್ದು ತುಂಬಿದ್ದರೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು.

ಇನ್ನು ಹಾರುವಾಗಿನ ಮಾತು. ಸಮುದ್ರಮಟ್ಟದಲ್ಲಿ 35 ಡಿಗ್ರಿಯ ಗಾಳಿಗಿಂತ 0 ಡಿಗ್ರಿಯ ಗಾಳಿ ಶೇಕಡಾ 13ರಷ್ಟು ದಟ್ಟ. 100 ಮೀಟರ್‌ನಲ್ಲಿ ಇದು ಗೊತ್ತೇ ಆಗಲ್ಲ, ದೂರ ಹೋದಂತೆ ಕಾಡುತ್ತೆ. ಬೆಟ್ಟದ ಮೇಲೆ ಗಾಳಿ ತೆಳು, ಅಲ್ಲಿ ವೇಗ ಹೆಚ್ಚು ಹೊತ್ತು ಉಳಿಯುತ್ತೆ.

ಸುಮ್ನೆ ಊಹೆ ಮಾಡುವ ಬದಲು ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಸಾಧನ) ಇಟ್ಟು ಎರಡೂ ಕಾಲದಲ್ಲಿ ಅಳೆಯಿರಿ. ಪಕ್ಕದಲ್ಲಿ ತೋಟಾದ ಬಿಸಿಯನ್ನೂ ಬರೆದಿಡಿ.