ಬ್ಯಾಶ್‌ನಲ್ಲಿ ಮೈಸೂರು, ಪೈಥಾನ್‌ನಲ್ಲಿ ಬೆಂಗಳೂರು: ಒಂದೇ ಪ್ರೋಗ್ರಾಮಿಗೆ ಎರಡು ಉತ್ತರವೇಕೆ?

ಒಂದೇ ಪ್ರೋಗ್ರಾಮನ್ನು ಬ್ಯಾಶ್ ಮತ್ತು ಪೈಥಾನ್ ಭಾಷೆಗಳಲ್ಲಿ ಬರೆದಾಗ ಉತ್ತರ ಬೇರೆಬೇರೆ ಬರುವುದೇಕೆ ಎಂದು ಕೇಳಿದ್ದೀರಿ. ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ‘ಊರು’ ಎಂಬ ಗ್ಲೋಬಲ್ ವೇರಿಯಬಲ್‌ನಲ್ಲಿ ಬೆಂಗಳೂರು ಇದೆ. ‘ತೋರಿಸು’ ಎಂಬ ಫಂಕ್ಷನ್ ಅದನ್ನು ಮುದ್ರಿಸುತ್ತದೆ. ‘ಪ್ರವಾಸ’ ಎಂಬ ಇನ್ನೊಂದು ಫಂಕ್ಷನ್ ಅದೇ ಹೆಸರಿನ ಲೋಕಲ್ ವೇರಿಯಬಲ್‌ನಲ್ಲಿ ಮೈಸೂರನ್ನು ಇಟ್ಟುಕೊಂಡು ‘ತೋರಿಸು’ ಫಂಕ್ಷನ್ನನ್ನು ಕರೆಯುತ್ತದೆ. ಬ್ಯಾಶ್ ಮೈಸೂರು ಎನ್ನುತ್ತದೆ, ಪೈಥಾನ್ ಬೆಂಗಳೂರು ಎನ್ನುತ್ತದೆ.

ಒಂದು ಹೆಸರು ಯಾವ ವೇರಿಯಬಲ್ಲನ್ನು ಸೂಚಿಸುತ್ತದೆ ಎಂದು ನಿರ್ಧರಿಸುವ ನಿಯಮವೇ ಸ್ಕೋಪ್. ಬ್ಯಾಶ್‌ನದು ಡೈನಾಮಿಕ್ ಸ್ಕೋಪ್: ಫಂಕ್ಷನ್ ತನ್ನಲ್ಲಿಲ್ಲದ ಹೆಸರನ್ನು ತನ್ನನ್ನು ಕರೆದ ಫಂಕ್ಷನ್ನಿನಲ್ಲಿ, ಅಲ್ಲೂ ಸಿಗದಿದ್ದರೆ ಅದನ್ನು ಕರೆದದ್ದರಲ್ಲಿ ಹುಡುಕುತ್ತ ಹೋಗುತ್ತದೆ. ಪೈಥಾನ್‌ನದು ಸ್ಟ್ಯಾಟಿಕ್ ಸ್ಕೋಪ್: ಯಾರು ಕರೆದರೂ, ಫಂಕ್ಷನ್ನನ್ನು ಬರೆದಿರುವ ಜಾಗದ ಸುತ್ತಲಿನ ಕೋಡ್‌ನಲ್ಲೇ ಹುಡುಕಾಟ ನಡೆಯುತ್ತದೆ. ಬೆಂಗಳೂರಿನ ನಮ್ಮ ಕಚೇರಿಗೆ ಹೊಸದಾಗಿ ಸೇರುವ ಇಂಜಿನಿಯರುಗಳಲ್ಲಿ ಕೆಲವರು, ಪೈಥಾನ್ ಡೈನಾಮಿಕ್ ಭಾಷೆಯಾದ್ದರಿಂದ ಅದರ ಸ್ಕೋಪ್ ಕೂಡ ಡೈನಾಮಿಕ್ ಎಂದು ನಂಬಿರುತ್ತಾರೆ. ‘ಡೈನಾಮಿಕ್’ ಎಂಬ ವಿಶೇಷಣ ಅಲ್ಲಿ ಟೈಪ್‌ಗೆ (ಬೆಲೆ ಸಂಖ್ಯೆಯೋ ಪಠ್ಯವೋ ಎಂಬುದಕ್ಕೆ) ಸಂಬಂಧಿಸಿದ್ದು, ಸ್ಕೋಪ್‌ಗಲ್ಲ.

ಸಾಮಾನ್ಯ ಬಳಕೆಗೆ ಸ್ಟ್ಯಾಟಿಕ್ ಸ್ಕೋಪೇ ಸರಿ ಎಂಬುದು ನನ್ನ ಅಭಿಪ್ರಾಯ. ಡೈನಾಮಿಕ್ ಸ್ಕೋಪಿನಲ್ಲಿ ‘ಪ್ರವಾಸ’ದ ಲೋಕಲ್ ವೇರಿಯಬಲ್ಲಿನ ಹೆಸರು ಬದಲಿಸಿದರೂ ‘ತೋರಿಸು’ವಿನ ಫಲಿತಾಂಶ ಬದಲಾಗಬಹುದು, ಅಂದರೆ ಒಂದು ಫಂಕ್ಷನ್ನನ್ನು ಅರಿಯಲು ಅದನ್ನು ಕರೆಯುವ ಎಲ್ಲ ಫಂಕ್ಷನ್‌ಗಳನ್ನೂ ಓದಬೇಕಾಗುತ್ತದೆ. ಜಾನ್ ಮೆಕಾರ್ಥಿಯವರ ಆರಂಭಿಕ ಲಿಸ್ಪ್ ಭಾಷೆಯಲ್ಲಿ ಫಂಕ್ಷನ್ನನ್ನೇ ಆರ್ಗ್ಯುಮೆಂಟ್ ಆಗಿ ಕಳಿಸಿದಾಗ ಅದರೊಳಗಿನ ಹೆಸರು ಬೇರೆಯದೇ ವೇರಿಯಬಲ್ಲಿಗೆ ಅಂಟಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಸ್ಟ್ಯಾಟಿಕ್ ಸ್ಕೋಪಿದ್ದ ಆಲ್ಗಾಲ್ 60 ಭಾಷೆಯ ಹಾದಿ ಹಿಡಿದು ಸಸ್‌ಮನ್ ಮತ್ತು ಸ್ಟೀಲ್ 1975ರಲ್ಲಿ ಲಿಸ್ಪ್‌ನದೇ ರೂಪವಾದ ತಮ್ಮ ಸ್ಕೀಮ್ ಭಾಷೆಗೆ ಸ್ಟ್ಯಾಟಿಕ್ ಸ್ಕೋಪ್ ಕೊಟ್ಟರು. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಲಿಸ್ಪ್‌ಗೆ ಆ ಆಯ್ಕೆ ಸಿಕ್ಕಿದ್ದು 2012ರಲ್ಲಿ, 24ನೇ ಆವೃತ್ತಿಯೊಂದಿಗೆ.

ಆದರೂ ಡೈನಾಮಿಕ್ ಸ್ಕೋಪನ್ನು ಪೂರ್ತಿ ತಳ್ಳಿಹಾಕಲಾರೆ. ಔಟ್‌ಪುಟ್ ಎಲ್ಲಿಗೆ ಹೋಗಬೇಕು, ಹುಡುಕುವಾಗ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಬೇಕೇ ಎಂಬಂಥ ಸೆಟ್ಟಿಂಗ್‌ಗಳನ್ನು ಹತ್ತಾರು ಫಂಕ್ಷನ್‌ಗಳ ಮೂಲಕ ಆರ್ಗ್ಯುಮೆಂಟ್ ಆಗಿ ದಾಟಿಸುವುದಕ್ಕಿಂತ, ಒಂದು ಕರೆಯ ಅವಧಿಗೆ ಮಾತ್ರ ಬದಲಿಸಿ, ಅದು ಮುಗಿದಾಗ ಹಳೆಯ ಬೆಲೆ ತಾನಾಗಿಯೇ ಮರಳುವಂತೆ ಮಾಡುವುದು ಅನುಕೂಲ. ಕಾಮನ್ ಲಿಸ್ಪ್ ಇದನ್ನು ‘ಸ್ಪೆಷಲ್’ ಎಂದು ಘೋಷಿಸಿದ ವೇರಿಯಬಲ್‌ಗಳಿಗಷ್ಟೇ ಬಿಟ್ಟುಕೊಟ್ಟಿದೆ. ನನಗೆ ಅತ್ಯಂತ ಒಪ್ಪಿಗೆಯಾದ ಏರ್ಪಾಡು ಇದು. ಪರ್ಲ್ ಭಾಷೆಯಲ್ಲಿ ‘ಮೈ’ (my) ಎಂದು ಘೋಷಿಸಿದ್ದು ಸ್ಟ್ಯಾಟಿಕ್, ‘ಲೋಕಲ್’ (local) ಎಂದದ್ದು ಡೈನಾಮಿಕ್.

ನಿಮ್ಮ ಬ್ಯಾಶ್ ಸ್ಕ್ರಿಪ್ಟಿನಲ್ಲಿ ‘ಲೋಕಲ್’ ಎಂದು ಬರೆದರಷ್ಟೇ ಸಾಲದು: ಅದು ಹೊರಗಿನ ‘ಊರು’ ಕೆಡದಂತೆ ಕಾಯುತ್ತದೆಯೇ ಹೊರತು, ‘ಪ್ರವಾಸ’ದ ‘ಊರು’ವನ್ನು ‘ತೋರಿಸು’ ನೋಡುವುದನ್ನಾಗಲಿ ಬದಲಿಸುವುದನ್ನಾಗಲಿ ತಡೆಯುವುದಿಲ್ಲ. ಆದ್ದರಿಂದ ಊರಿನ ಹೆಸರನ್ನು ‘ತೋರಿಸು’ವಿಗೆ ಆರ್ಗ್ಯುಮೆಂಟ್ ಆಗಿ ಕೊಟ್ಟು, ಅದರ ಸ್ವಂತ ವೇರಿಯಬಲ್‌ಗಳನ್ನೂ ಲೋಕಲ್ ಎಂದು ಘೋಷಿಸಿ.