ಅಮ್ಮನನ್ನು ಕೇಳಿದ್ದೀರಾ?

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು 38. ಶಿರಸಿ ತಾಲ್ಲೂಕಿನ ನಮ್ಮೂರಲ್ಲಿ ಒಂದು ಎಕರೆ ಹತ್ತು ಗುಂಟೆ ಅಡಿಕೆ ತೋಟ, ಹಳೇ ಹೆಂಚಿನ ಮನೆ ಇದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಮಾರ್ಚ್‌ಗೆ ಕೆಲಸ ಬಿಟ್ಟು ಊರಿಗೆ ಬಂದು, ತೋಟದ ಜೊತೆ ಹೋಂಸ್ಟೇ ಶುರು ಮಾಡಬೇಕು ಅಂತಿದ್ದೇನೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ಎರಡು ಕಾಟೇಜ್ ಹಾಕುವ ಯೋಚನೆ. ಊಟದ್ದೇನೂ ತೊಂದರೆ ಇಲ್ಲ, ಅಮ್ಮ ಚೆನ್ನಾಗಿ ಅಡುಗೆ ಮಾಡುತ್ತಾರೆ. ಧೈರ್ಯ ಮಾಡಬಹುದಾ ಅಕ್ಕಾ?

ಉತ್ತರ: ಅಮ್ಮ ಚೆನ್ನಾಗಿ ಅಡುಗೆ ಮಾಡುತ್ತಾರೆ ಅಂತ ಬರೆದಿದ್ದೀರಿ. ಅಮ್ಮ ಏನು ಹೇಳಿದರು ಅಂತ ಬರೆದಿಲ್ಲ. ಕೇಳಿದ್ದೀರಾ?

ನಮ್ಮ ಮನೆಗೂ ದುಡ್ಡು ಕೊಟ್ಟು ಉಳಿಯುವ ನೆಂಟರು ಬರುತ್ತಾರೆ. ಹಾಗಾಗಿ ಅಡುಗೆಮನೆಯ ಕಡೆಯಿಂದಲೇ ಹೇಳುತ್ತೇನೆ. ಬೆಂಗಳೂರಿನ ರಾತ್ರಿ ಬಸ್ಸು ಬೆಳಗಿನ ಜಾವ ಶಿರಸಿಗೆ ಬರುತ್ತದೆ. ಏಳು ಗಂಟೆಗೆ ಜನ ನಿಮ್ಮ ಅಂಗಳದಲ್ಲಿರುತ್ತಾರೆ. ಸ್ನಾನಕ್ಕೆ ಬಿಸಿನೀರು, ಕಾಫಿ, ತೆಳ್ಳೇವು. ಮಧ್ಯಾಹ್ನ ಬಾಳೆ ಎಲೆ ಊಟ ಅಂದರೆ ತಂಬುಳಿ, ಅಪ್ಪೆಹುಳಿ, ಪಲ್ಯ, ಹುಳಿ, ಜೊತೆಗೊಂದು ಸಿಹಿ. ಯೂಟ್ಯೂಬ್ ನೋಡಿ ಬಂದವರು ತೊಡದೇವು ಮಾಡಿ ತೋರಿಸಿ ಅಂತಲೂ ಕೇಳುತ್ತಾರೆ. ಇಷ್ಟೆಲ್ಲ ಆಗಬೇಕಾದರೆ ಯಾರಾದರೂ ನಾಲ್ಕೂವರೆಗೆ ಏಳಬೇಕು. ಅದು ನೀವಂತೂ ಅಲ್ಲ, ಅಲ್ವಾ?

ಇನ್ನೊಂದು ಸಂಗತಿ ಪೇಟೆಯಲ್ಲಿ ಕೂತು ಲೆಕ್ಕ ಹಾಕುವವರಿಗೆ ಹೊಳೆಯುವುದೇ ಇಲ್ಲ. ಜನ ತಿರುಗಾಟಕ್ಕೆ ಹೊರಡುವುದು ಡಿಸೆಂಬರ್, ಜನವರಿಯಲ್ಲಿ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಗಡಿಬಿಡಿಯೂ ಆಗಲೇ. ಹಸಿ ಅಡಿಕೆ ಬೇಯಿಸಿ ಕೆಂಪು ಮಾಡುವವರದ್ದು ಸ್ವಲ್ಪ ಮುಂಚೆ ಶುರುವಾಗುತ್ತದೆ. ಚಾಲಿ, ಅಂದರೆ ಒಣಗಿಸಿದ ಬಿಳಿ ಅಡಿಕೆ ಮಾಡುವವರು ಹಣ್ಣಡಿಕೆಯನ್ನು ತಿಂಗಳ ಮೇಲೆ ಬಿಸಿಲಿಗೆ ಹರವಬೇಕು. ಅಂಗಳದ ತುಂಬ ಅಡಿಕೆ ಇರುವಾಗ ಅತಿಥಿಗಳ ಕಾರು ಎಲ್ಲಿ ನಿಲ್ಲಿಸುತ್ತೀರಿ? ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗುವುದೇ ಕಷ್ಟ. ಅವರು ಶನಿವಾರ ಬರುತ್ತೇನೆ ಅಂದರೆ ಶನಿವಾರವೇ ಕೊಯ್ಲು. ಅವತ್ತು ಆಳುಗಳಿಗೂ ತಿಂಡಿ, ಊಟ ಆಗಬೇಕು. ಒಲೆ ಒಂದೇ, ಅಮ್ಮನೂ ಒಬ್ಬರೇ.

ಹಾಗಂತ ಬರಬೇಡಿ ಅನ್ನುತ್ತಿಲ್ಲ. ಮಾರ್ಚ್‌ನಲ್ಲಿ ಕೆಲಸ ಬಿಡಬೇಡಿ, ಅಷ್ಟೇ. ಜೂನ್, ಜುಲೈ ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಊರಿಗೆ ಬನ್ನಿ. ಕೊಳೆರೋಗ ತಡೆಯಲು ಮಳೆಗೆ ಮುಂಚೆ ಒಮ್ಮೆ ಬೋರ್ಡೋ ದ್ರಾವಣ ಹೊಡೆಸಬೇಕು, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನೇ ಸಲಕ್ಕೆ ಮಳೆ ಬಿಡುವು ಕೊಡದಿದ್ದರೆ ಕೊಳೆ ಬಂದು ಕಾಯಿ ಉದುರುತ್ತದೆ. ಕರೆಂಟ್ ಇರುವುದಿಲ್ಲ, ನೆಟ್ ಇರುವುದಿಲ್ಲ, ಕಾಲಿಗೆ ಉಂಬಳ, ಅಂದರೆ ಜಿಗಣೆ. ಅತಿಥಿಗಳೂ ಕಡಿಮೆ. ಕೈಯಿಂದ ದುಡ್ಡು ಹೋಗುವ ತಿಂಗಳುಗಳು ಇವೇ. ಡಿಸೆಂಬರ್‌ನಲ್ಲಿ ನಮ್ಮೂರು ಯಾರಿಗೆ ತಾನೆ ಇಷ್ಟ ಆಗುವುದಿಲ್ಲ? ಜುಲೈನಲ್ಲೂ ಇಷ್ಟ ಆಯಿತು ಅಂದರೆ ಆಮೇಲೆ ಮಾತಾಡೋಣ.

ತೋಟದ ಲೆಕ್ಕವನ್ನೂ ಬೇರೆಯಾಗಿಯೇ ಇಡಿ. ಒಂಬತ್ತು ಅಡಿಗೊಂದರಂತೆ ಎಕರೆಗೆ ಸುಮಾರು 540 ಮರ ಕೂರುತ್ತವೆ. ನಿಮ್ಮಲ್ಲಿ ಫಸಲು ಕೊಡುವವು ಎಷ್ಟು, ಸತ್ತ ಮರದ ಜಾಗ ಎಷ್ಟು ಅಂತ ಅಮ್ಮನ ಜೊತೆ ಓಡಾಡಿ ಎಣಿಸಿ. ಇವತ್ತು ಹಾಕಿದ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಅದಕ್ಕಿಂತ ಮೊದಲೇ ಕಾಸು ಕೊಡುತ್ತದೆ. ಹೋಂಸ್ಟೇ ದುಡ್ಡಿನಿಂದ ತೋಟ ನಡೆಸುತ್ತೇನೆ ಅಂತ ಹೊರಟರೆ, ಎರಡು ವರ್ಷಕ್ಕೆ ಅತಿಥಿಗಳಿಗೆ ತೋರಿಸಲೂ ತೋಟ ಉಳಿಯುವುದಿಲ್ಲ.

ಕಾಟೇಜ್ ವಿಷಯ. ಆ ಯೋಚನೆ ಇವತ್ತೇ ಬಿಡಿ. ಬೆಟ್ಟ ನಮ್ಮದು ಅಂತ ಎಲ್ಲರೂ ಬಾಯಲ್ಲಿ ಹೇಳುತ್ತೇವೆ. ನಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವಂಥ ಹಕ್ಕು ಮಾತ್ರ. ಕಟ್ಟಡ ಕಟ್ಟುವ ಹಕ್ಕಲ್ಲ. ಅರಣ್ಯ ಇಲಾಖೆ ಬಂದು ಪಾಯ ಕೀಳಿಸಿದರೆ ಹೋಗುವುದು ನಿಮ್ಮ ಪಿಎಫ್ ದುಡ್ಡು. ಹಳೇ ಮನೆಯದ್ದೇ ಒಂದು ಕೋಣೆ ಸರಿ ಮಾಡಿ, ಒಳ್ಳೇ ಬಚ್ಚಲು ಕಟ್ಟಿಸಿ. ಬಚ್ಚಲು ಚೆನ್ನಾಗಿದ್ದರೆ ಜನ ಉಳಿದದ್ದೆಲ್ಲ ಸುಧಾರಿಸಿಕೊಳ್ಳುತ್ತಾರೆ.

ಕಾಗದಪತ್ರ ಇಷ್ಟು: ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಊಟ ಹಾಕುವುದಕ್ಕೆ ಆಹಾರ ಸುರಕ್ಷತೆಯ ನೋಂದಣಿ. ಪಂಚಾಯ್ತಿಗೂ ಪೊಲೀಸ್ ಠಾಣೆಗೂ ಮೊದಲೇ ಹೋಗಿ ಮಾತಾಡಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ (ಮೊದಲು ಸಿ ಫಾರಂ ಅನ್ನುತ್ತಿದ್ದದ್ದು) ತುಂಬಬೇಕು. ಬೇಸಿಗೆಯಲ್ಲಿ ನಮ್ಮ ಕಡೆ, ಅದರಲ್ಲೂ ಸಿದ್ದಾಪುರದ ಬದಿಗೆ, ಮಂಗನ ಕಾಯಿಲೆಯ ಹೆದರಿಕೆ ಇದೆ. ಉಣುಗು ಕಚ್ಚಿದರೆ ಬರುವಂಥದ್ದು. ಯಾವುದಾದರೂ ಮಂಗ ಸತ್ತ ಸುದ್ದಿ ಬಂದರೆ ಕಾಡಿನ ವಾಕಿಂಗ್ ನಿಲ್ಲಿಸಿ. ಬುಕಿಂಗ್ ಹೋದರೆ ಹೋಯಿತು.

ಅಮ್ಮ ಒಪ್ಪಿದರು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಅವರ ಕೆಲಸ ಒಗ್ಗರಣೆ ಹೇಗೆ ಅಂತ ಹೇಳಿಕೊಡುವುದಷ್ಟೇ ಇರಲಿ. ಕಾಯಿ ತುರಿಯಲು, ಪಾತ್ರೆಗೆ, ಹಾಸಿಗೆ ಬಟ್ಟೆ ಒಗೆಯಲು ಊರಿನವರೇ ಯಾರಾದರೂ ಸಿಕ್ಕರೆ ಸಂಬಳ ಕೊಟ್ಟು ಇಟ್ಟುಕೊಳ್ಳಿ. ಆ ಸಂಬಳ ಸೇರಿಸಿ ಕೋಣೆಗೆ ರೇಟು ಹಾಕಿ. ಅಮ್ಮನ ಪಾಲು ತಿಂಗಳು ತಿಂಗಳು ಅವರ ಬ್ಯಾಂಕ್ ಖಾತೆಗೇ ಹೋಗಲಿ. ಈ ಎರಡೂ ಸೇರಿಸಿದ ಮೇಲೆ ಲಾಭ ಉಳಿಯುವುದಿಲ್ಲ ಅಂತಾದರೆ, ನಿಮ್ಮ ಯೋಜನೆ ಅಮ್ಮನ ಬಿಟ್ಟಿ ದುಡಿಮೆಯ ಮೇಲೆ ನಿಂತಿತ್ತು ಅಂತಾಯಿತು.

ಪ್ರಶ್ನೆ: ಕುಮಟಾ ಹತ್ತಿರ ಅಘನಾಶಿನಿ ಹೊಳೆ ದಂಡೆಯ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಗದ್ದೆಯಲ್ಲಿ, ಮೊದಲಿನಿಂದ ಕಗ್ಗ ಭತ್ತ ಬೆಳೆಯುವವರು ನಾವು. ಇದನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಾರಾ? ಮನೆಯವರು ನಗುತ್ತಾರೆ.

ಉತ್ತರ: ನಗಲಿ ಬಿಡಿ. ಉಪ್ಪುನೀರಲ್ಲಿ, ಗೊಬ್ಬರ ಹಾಕದೆ, ನೆರೆ ನಿಂತರೂ ತಡೆದುಕೊಂಡು ಬರುವ ಭತ್ತವನ್ನು ಪೇಟೆಯವರು ಎಲ್ಲಿ ನೋಡಿರುತ್ತಾರೆ? ಮೇಲಿನ ತೆನೆ ಮಾತ್ರ ಕೊಯ್ದು, ಹುಲ್ಲನ್ನು ನೀರಲ್ಲೇ ಬಿಟ್ಟು, ಅದು ಕೊಳೆತು ಮೀನು ಸೀಗಡಿಗೆ ಮೇವಾಗುವುದನ್ನು ನೋಡಿದರೆ ಮಕ್ಕಳಿಗೂ ಅರ್ಥವಾಗುತ್ತದೆ. ಕೊಯ್ಲು ಅಕ್ಟೋಬರ್ ಹೊತ್ತಿಗೆ. ಆಗ ದಸರಾ ರಜೆಯೂ ಇರುವುದರಿಂದ ನಿಮಗೆ ಅನುಕೂಲ.

ಮನೆಯಲ್ಲಿ ಉಳಿಸಿಕೊಳ್ಳಲು ಹೋಗಬೇಡಿ. ಉಳಿಯುವುದಕ್ಕೆ ಗೋಕರ್ಣದಲ್ಲಿ ಬೇಕಾದಷ್ಟು ಜಾಗ ಇದೆ. ಬೆಳಿಗ್ಗೆ ಬಂದು, ಗಜನಿ ನೋಡಿ, ಊಟ ಮಾಡಿ ಸಂಜೆ ಹೋಗುವವರು ಸಾಕು. ಆದರೆ ಗಜನಿಯ ಕಟ್ಟು, ನೀರಿನ ಬಾಗಿಲು ನಿಮ್ಮೊಬ್ಬರದ್ದಲ್ಲ. ಮೊದಲು ಊರವರನ್ನು ಕೂರಿಸಿ ಮಾತಾಡಿ, ಬಂದ ದುಡ್ಡಲ್ಲಿ ಕಟ್ಟಿನ ರಿಪೇರಿಗೆ ಇಷ್ಟು ಅಂತ ತೆಗೆದಿಡಿ. ಅಕ್ಕಿಯನ್ನು ಒಂದೊಂದು ಕೆಜಿ ಕಟ್ಟಿ ಮಾರಾಟಕ್ಕಿಡಿ. ಹೇಗೆ ಬೇಯಿಸಬೇಕು ಅಂತ ಒಂದು ಚೀಟಿಯನ್ನೂ ಒಳಗೆ ಹಾಕಿ, ಇಲ್ಲದಿದ್ದರೆ ಮಿಕ್ಕ ಅಕ್ಕಿಯ ಹಾಗೆ ಎರಡು ವಿಷಲ್ ಹಾಕಿಸಿ, ಬೇಯಲಿಲ್ಲ ಅಂತ ನಿಮಗೇ ಫೋನ್ ಮಾಡುತ್ತಾರೆ.